ಯಾರು, ಯಾರಿಗೆ ಕಳಿಸುತ್ತಾರೆ?

ಪುಟ್ಟಿ, ನೀರಿನ ಟ್ಯಾಂಕ್ ಮಾಡುವ ಕಂಪನಿಯ ಕೆಲಸ ಸಿಕ್ಕಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ ಕಣಮ್ಮ. ಮಾಲೀಕರದು ಒಂದೇ ಬೇಡಿಕೆಯಂತೆ: ‘ವಿಡಿಯೊ ವೈರಲ್ ಆಗಬೇಕು.’ ನೀನೂ ‘ಆಗತ್ತೆ ಸರ್’ ಅಂದುಬಿಟ್ಟೆಯಂತೆ. ಅಂದದ್ದು ಅಂದಾಯಿತು. ಆಯುಷ್ಯವೆಲ್ಲ ಜಾಹೀರಾತಿನ ಸಾಲು ಬರೆದೇ ಹೊಟ್ಟೆ ಹೊರೆದುಕೊಂಡ ನಿನ್ನ ಮಾವನ ನಾಲ್ಕು ಮಾತು ಕೇಳು, ಆಮೇಲೆ ಕ್ಯಾಮೆರಾ ಬಾಡಿಗೆಗೆ ತರುವೆಯಂತೆ.

ನಮ್ಮ ಕಾಲದಲ್ಲಿ ನೋಡುವವರಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ದೂರದರ್ಶನದಲ್ಲಿ ಚಿತ್ರಮಂಜರಿಗೆ ಕಾದು ಕೂತವರು ಸೋಪು, ಟೂತ್‌ಪೇಸ್ಟು, ಟಾನಿಕ್ಕು ಎಲ್ಲವನ್ನೂ ನೋಡಿಯೇ ತೀರಬೇಕು. ಕೇಳಿ ಕೇಳಿ ಮಕ್ಕಳಿಗೆ ಜಿಂಗಲ್ ಬಾಯಿಪಾಠ. ಅದೆಲ್ಲ ನಮ್ಮ ಜಾಣತನ ಅಂತ ಬೀಗುತ್ತಿದ್ದೆವು. ಅರ್ಧಕ್ಕರ್ಧ ಬೇರೆ ಚಾನೆಲ್ ಇಲ್ಲದಿದ್ದುದರ ಪುಣ್ಯ ಅದು. ಈಗ ಯೂಟ್ಯೂಬಿನಲ್ಲಿ ಐದು ಸೆಕೆಂಡು ಕಳೆಯುತ್ತಲೇ ‘ಸ್ಕಿಪ್’ ಬರುತ್ತದೆ, ಹೆಬ್ಬೆರಳು ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ. ಸ್ಕಿಪ್ ಮಾಡದೆ ಕೊನೆತನಕ ನೋಡಿಸುವುದು ಒಂದು ಕೆಲಸ. ನೋಡಿದವನು ಇನ್ನೊಬ್ಬರಿಗೆ ಕಳಿಸುವಂತೆ ಮಾಡುವುದು ಬೇರೆಯದೇ ಕೆಲಸ. ಮೊದಲನೆಯದು ಚೆನ್ನಾಗಿ ಬಂತೆಂದರೆ ಎರಡನೆಯದು ತಾನಾಗಿ ಆಗುತ್ತದೆ ಅಂದುಕೊಂಡು ಬಹಳ ಜನ ಕೆಡುತ್ತಾರೆ.

ಅದಕ್ಕೇ, ಸ್ಕ್ರಿಪ್ಟ್‌ಗೆ ಕೈ ಹಾಕುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೋ: ಇದನ್ನು ಯಾರು ಯಾರಿಗೆ ಕಳಿಸುತ್ತಾರೆ? ಕಳಿಸುವಾಗ ಮೇಲೆ ಏನಂತ ಟೈಪ್ ಮಾಡುತ್ತಾರೆ? ‘ಟ್ಯಾಂಕ್ ಚೆನ್ನಾಗಿದೆ, ತಗೊಳ್ಳಿ’ ಅಂತ ಭೂಮಿಯ ಮೇಲೆ ಯಾರೂ ಟೈಪ್ ಮಾಡುವುದಿಲ್ಲ. ‘ಲೋ, ಇದು ನೋಡು, ಥೇಟ್ ನಿಮ್ಮಪ್ಪ’ ಅಂತ ಮಾಡುತ್ತಾರೆ. ಕಳಿಸುವವನಿಗೆ ತಾನು ಮೊದಲು ನೋಡಿದೆ, ತಾನು ರಸಿಕ, ತನಗೆ ಎಲ್ಲ ಗೊತ್ತು ಅಂತ ತೋರಿಸಿಕೊಳ್ಳುವ ಆಸೆ. ನಿನ್ನ ಟ್ಯಾಂಕಿನ ಉದ್ಧಾರ ಅವನ ತಲೆನೋವಲ್ಲ. ಆ ಎರಡನೇ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಶೂಟಿಂಗ್ ಇಟ್ಟುಕೊಳ್ಳಲೇಬೇಡ.

2021ರ ಏಪ್ರಿಲ್‌ನಲ್ಲಿ, ಐಪಿಎಲ್ ಶುರುವಾದಾಗ ಬೆಂಗಳೂರಿನದೇ ಕಂಪನಿ ಕ್ರೆಡ್ ಬಿಟ್ಟ ದ್ರಾವಿಡ್ ಜಾಹೀರಾತು ನೆನಪಿದೆಯಲ್ಲ? ಅದನ್ನು ಇನ್ನೊಮ್ಮೆ ಹಾಕಿಕೊಂಡು ನೋಡು, ಈ ಸಲ ನಗದೆ ನೋಡು. ನಟ ಜಿಮ್ ಸರ್ಭ್ ಬಂದು, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ್ದಕ್ಕೆ ಬಹುಮಾನ ಸಿಗುತ್ತದೆ ಅನ್ನುವುದು ರಾಹುಲ್ ದ್ರಾವಿಡ್‌ಗೆ ವಿಪರೀತ ಸಿಟ್ಟು ಅಂದಷ್ಟೇ ಅಸಂಬದ್ಧವಾಗಿ ಕೇಳಿಸುತ್ತದೆ ಅನ್ನುತ್ತಾನೆ. ಮರುಕ್ಷಣ ಟ್ರಾಫಿಕ್ ಜಾಮ್. ದ್ರಾವಿಡ್ ಕಾರೊಳಗೆ ಕೂತು ಅರಚುತ್ತಿದ್ದಾರೆ, ಬ್ಯಾಟಿನಿಂದ ಪಕ್ಕದ ಕಾರಿನ ಕನ್ನಡಿ ಪುಡಿ ಮಾಡುತ್ತಾರೆ, ಕೊನೆಗೆ ಕಾರಿನ ಮೇಲ್ಛಾವಣಿಯಿಂದ ಎದ್ದು ನಿಂತು ಬ್ಯಾಟು ಝಳಪಿಸುತ್ತ ತಾನು ಇಂದಿರಾನಗರದ ಗೂಂಡಾ ಅಂತ ಹಿಂದಿಯಲ್ಲಿ ಕೂಗುತ್ತಾರೆ.

ಆ ನಗುವಿಗೆ ಬಂಡವಾಳ ಯಾರದು ಹೇಳು? ಕಂಪನಿಯದಲ್ಲ. 1996ರಿಂದ 2012ರವರೆಗೆ ಭಾರತಕ್ಕೆ ಆಡುತ್ತ ‘ಗೋಡೆ’ ಅನ್ನಿಸಿಕೊಂಡ ಮನುಷ್ಯ ಕೂಡಿಟ್ಟ ತಾಳ್ಮೆ ಅದು. ಅಷ್ಟನ್ನೂ ಒಂದೇ ಏಟಿಗೆ ಖರ್ಚು ಮಾಡಿದರು. ಮೈದಾನದಲ್ಲಿ ದಿನಾ ರೇಗಾಡುವ ಆಟಗಾರನಿಗೆ ಅದೇ ಪಾತ್ರ ಕೊಟ್ಟಿದ್ದರೆ ‘ಹೌದು, ಇವನು ಹೀಗೇ’ ಅಂತ ಸುಮ್ಮನಾಗುತ್ತಿದ್ದೆವು. ಇನ್ನೊಂದು ಸೂಕ್ಷ್ಮ ನೋಡು: ಊರಿನಲ್ಲಿ ರೌಡಿಗಳಿಗೆ ಹೆಸರಾದ ಹಳೇ ಪೇಟೆಗಳಿಗೇನು ಕೊರತೆ? ಆದರೆ ಹಾಕಿದ್ದು ಇಂದಿರಾನಗರ. ಕಾಫಿ ಶಾಪು, ಪಬ್ಬು, ದುಬಾರಿ ಬಾಡಿಗೆಯ ಬಡಾವಣೆಗೂ ಒಬ್ಬ ಗೂಂಡಾ! ಆ ಒಂದು ಹೆಸರನ್ನು ಆರಿಸಿದವರಿಗೆ ನಾನಾಗಿದ್ದರೆ ಬೇರೆಯಾಗಿ ಬೋನಸ್ ಕೊಡುತ್ತಿದ್ದೆ.

ಆಮೇಲೆ ಆದದ್ದು ಇನ್ನೂ ಸ್ವಾರಸ್ಯ. ದ್ರಾವಿಡ್ ಅವರ ಈ ಅವತಾರ ತಾನು ಕಂಡೇ ಇರಲಿಲ್ಲ ಅಂತ ಕೊಹ್ಲಿ ಟ್ವೀಟ್ ಮಾಡಿದರು. ರಸ್ತೆಯಲ್ಲಿ ಗೂಂಡಾ ಗಲಾಟೆ, ಇಂದಿರಾನಗರಕ್ಕೆ ಊಟ ತಲುಪುವುದು ತಡವಾಗಬಹುದು ಅಂತ ಜೊಮ್ಯಾಟೊ ತಮಾಷೆ ಮಾಡಿತು. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದವರೆಲ್ಲ ತಾವೂ ಯಾವುದೋ ನಗರದ ಗೂಂಡಾ ಆದರು. ಅಂದರೆ ಜನ ಕಳಿಸಿ ಸುಮ್ಮನಾಗಲಿಲ್ಲ, ತಮ್ಮದೊಂದು ಒಗ್ಗರಣೆ ಹಾಕಿ ಕಳಿಸಿದರು. ಹಾಗೆ ಹಾಕಲು ನೀನು ಜಾಗ ಬಿಟ್ಟಿರಬೇಕು. ಎಲ್ಲವನ್ನೂ ನೀನೇ ಹೇಳಿ ಮುಗಿಸಿದ ವಿಡಿಯೊವನ್ನು ಹೊಗಳುತ್ತಾರೆ, ಮುಂದಕ್ಕೆ ತಳ್ಳುವುದಿಲ್ಲ.

ನನ್ನದೊಂದು ತಕರಾರೂ ಇದೆ. ದ್ರಾವಿಡ್ ಎಲ್ಲರಿಗೂ ನೆನಪು, ಕಾರ್ಡಿನ ಬಿಲ್ಲು ಎಷ್ಟು ಜನರಿಗೆ ನೆನಪು? ಆ ಕಂಪನಿಗೆ ಹೆಸರು ಓಡಾಡಿದರೆ ಸಾಕಿತ್ತೇನೋ. ನಿನ್ನ ಟ್ಯಾಂಕಿನವರಿಗೆ ಅಷ್ಟು ಸಾಲದು. 2009ರಲ್ಲಿ ಫ್ರಾನ್ಸಿನ ನೀರಿನ ಕಂಪನಿ ಎವಿಯಾನ್ ಪುಟಾಣಿ ಕೂಸುಗಳು ರೋಲರ್ ಸ್ಕೇಟಿಂಗ್ ಮಾಡುವ ಜಾಹೀರಾತು ಬಿಟ್ಟಿತು. ಕೋಟಿಗಟ್ಟಲೆ ಜನ ನೋಡಿದರು, ಗಿನ್ನೆಸ್ ದಾಖಲೆಯೂ ಆಯಿತು. ಅದೇ ವರ್ಷ ಅವರ ಮಾರಾಟ ಹೆಚ್ಚುಕಡಿಮೆ ಕಾಲು ಭಾಗ ಬಿತ್ತು ಅಂತ ಜೋನಾ ಬರ್ಗರ್ ಅನ್ನುವ ಮಾರ್ಕೆಟಿಂಗ್ ಮೇಷ್ಟ್ರು ಬರೆದಿದ್ದಾರೆ. ಬಿದ್ದದ್ದಕ್ಕೆ ಕಾರಣ ಏನೇ ಇರಲಿ, ಅಷ್ಟು ಕೋಟಿ ಕಣ್ಣು ಅದನ್ನು ತಡೆಯಲಿಲ್ಲ. ಆ ಜಾಹೀರಾತನ್ನು ಬಾಯಲ್ಲಿ ಹೇಳಿ ನೋಡು: ‘ಕೂಸುಗಳು ಸ್ಕೇಟಿಂಗ್ ಮಾಡ್ತವೆ ಕಣೇ!’ ನೀರೆಲ್ಲಿ?

ಅದಕ್ಕೂ ಮೂರು ವರ್ಷ ಮುಂಚೆ, 2006ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಬ್ಲೆಂಡ್‌ಟೆಕ್ ಅನ್ನುವ ಮಿಕ್ಸಿ ಕಂಪನಿಗೆ ಜಾರ್ಜ್ ರೈಟ್ ಅನ್ನುವವರು ಮಾರ್ಕೆಟಿಂಗ್ ನೋಡಿಕೊಳ್ಳಲು ಬಂದರು. ಕಾರ್ಖಾನೆಯ ನೆಲದ ಮೇಲೆ ಮರದ ಹೊಟ್ಟು ಬಿದ್ದಿದ್ದು ಕಣ್ಣಿಗೆ ಬಿತ್ತು. ಇಲ್ಲಿ ಬಡಗಿ ಕೆಲಸ ಯಾರದು ಅಂತ ವಿಚಾರಿಸಿದರೆ, ಮಾಲೀಕ ಟಾಮ್ ಡಿಕ್ಸನ್ ಮಿಕ್ಸಿಯ ಗಟ್ಟಿತನ ಪರೀಕ್ಷಿಸಲು ಮರದ ತುಂಡು ಹಾಕಿ ರುಬ್ಬುತ್ತಿದ್ದರಂತೆ! ಅವರ ಪಾಲಿಗೆ ಅದು ಮಾಮೂಲು ಕೆಲಸ. ರೈಟ್ ಐವತ್ತು ಡಾಲರಿನಲ್ಲಿ ಒಂದು ಬಿಳಿ ಕೋಟು, ಗೋಲಿಗಳು, ಇಂಥವೇ ಒಂದಿಷ್ಟು ಸಾಮಾನು ತಂದು ಮಾಲೀಕರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಗೋಲಿ ಗಾಜಿನ ಪುಡಿಯಾಯಿತು. ಮರುವರ್ಷ ಐಫೋನ್ ಬಂದಾಗ ಅದನ್ನೂ ಹಾಕಿ ತಿರುಗಿಸಿದರು, ಕಪ್ಪು ಪುಡಿ. ಈಗ ಇದನ್ನು ಬಾಯಲ್ಲಿ ಹೇಳು: ‘ಐಫೋನ್ ಪುಡಿ ಮಾಡಿದ ಮಿಕ್ಸಿ.’ ಮಿಕ್ಸಿ ಬಿಟ್ಟು ಆ ಕಥೆ ಹೇಳಲು ಬರುವುದಿಲ್ಲ.

ಹಾಗಾಗಿ ನೀನು ಮೊದಲು ಹೋಗಬೇಕಾದದ್ದು ಟ್ಯಾಂಕಿನ ಕಾರ್ಖಾನೆಗೆ. ಕಾನ್ಫರೆನ್ಸ್ ರೂಮಿನಲ್ಲಿ ಬಿಸ್ಕತ್ತು ತಿಂದು ವಾಪಸ್ ಬರಬೇಡ, ಒಳಗೆ ಹೋಗು. ಟ್ಯಾಂಕ್ ಒಡೆಯುತ್ತದೋ ಇಲ್ಲವೋ ಅಂತ ಹೇಗೆ ನೋಡುತ್ತಾರೆ, ಲಾರಿಯಿಂದ ಹೇಗೆ ಇಳಿಸುತ್ತಾರೆ, ಅಂಗಡಿಯವನು ಗಿರಾಕಿಯ ಮುಂದೆ ಅದರ ಮೇಲೆ ಹತ್ತಿ ಕುಣಿಯುತ್ತಾನೋ, ಸುತ್ತಿಗೆಯಿಂದ ಬಡಿಯುತ್ತಾನೋ ವಿಚಾರಿಸು. ಅವರಿಗೆ ಮಾಮೂಲಾಗಿ ನಿನಗೆ ಬಾಯಿ ತೆರೆಸುವಂಥದ್ದು ಅಲ್ಲೆಲ್ಲೋ ಬಿದ್ದಿರುತ್ತದೆ. ಟ್ಯಾಂಕ್ ನೀರಸ ವಸ್ತು ಅಂತ ಕೊರಗಬೇಡ. 2013ರಲ್ಲಿ ವೋಲ್ವೊದವರು ಲಾರಿಯ ಸ್ಟಿಯರಿಂಗ್ ಎಷ್ಟು ನಿಖರ ಅಂತ ತೋರಿಸಲು, ಹಿಮ್ಮುಖವಾಗಿ ಚಲಿಸುತ್ತಿದ್ದ ಎರಡು ಲಾರಿಗಳ ಕನ್ನಡಿಗಳ ಮೇಲೆ ಒಂದೊಂದು ಕಾಲಿಟ್ಟು ನಿಂತ ನಟ ವ್ಯಾನ್ ಡ್ಯಾಮ್‌ನನ್ನು ನಿಧಾನಕ್ಕೆ ಕಾಲು ಅಗಲಿಸುವಂತೆ ಮಾಡಿದರು. ಜನ್ಮದಲ್ಲಿ ಲಾರಿ ಕೊಳ್ಳದವರೂ ಅದನ್ನು ಕಳಿಸಿಕೊಂಡರು.

ಇನ್ನು ಟ್ಯಾಂಕ್ ಯಾವುದು ಅಂತ ತೀರ್ಮಾನಿಸುವವರು ಯಾರು? ಮನೆ ಕಟ್ಟಿಸುವವನಲ್ಲ, ಅವನು ‘ಯಾವುದು ಹಾಕಿಸಲಿ?’ ಅಂತ ಪ್ಲಂಬರನ್ನು ಕೇಳುತ್ತಾನೆ. 2010ರಲ್ಲಿ ಓಲ್ಡ್ ಸ್ಪೈಸ್ ಗಂಡಸರ ಸ್ನಾನದ ಸೋಪಿಗೆ ಮಾಡಿದ ಜಾಹೀರಾತಿನಲ್ಲಿ ನಾಯಕ ಮಾತಾಡುವುದೆಲ್ಲ ಹೆಂಗಸರ ಜತೆ. ಅಂಗಡಿಯಲ್ಲಿ ಅದನ್ನು ಕೊಳ್ಳುವವರು ಅವರೇ ಅಂತ ಕಂಪನಿಗೆ ಗೊತ್ತಿತ್ತು. ಪ್ಲಂಬರುಗಳ ವಾಟ್ಸಾಪ್ ಗುಂಪಿನಲ್ಲಿ ನಿನ್ನ ವಿಡಿಯೊ ಓಡಿತೆಂದರೆ ನನ್ನ ಮಟ್ಟಿಗೆ ಅದು ವೈರಲ್. ‘ನಮ್ಮ ಕಷ್ಟ ಇವರಿಗೆ ಗೊತ್ತು’ ಅಂತ ಒಬ್ಬ ಪ್ಲಂಬರ್ ಇನ್ನೊಬ್ಬನಿಗೆ ಟೈಪ್ ಮಾಡಬೇಕು. ಟ್ಯಾಂಕ್ ಹೆಗಲಿಗೇರಿಸಿಕೊಂಡು ಮೂರನೇ ಮಹಡಿಯ ಕಿರಿದಾದ ಮೆಟ್ಟಿಲಲ್ಲಿ ತಿರುಗಲಾರದೆ ನಿಂತವನ ಮುಖ ನೋಡಿದ್ದೀಯಾ? ಅಲ್ಲಿಂದ ಹುಡುಕು.

ಅಳಿಸುವ ಕಥೆ ಬೇಡವೇ ಅಂತ ಕೇಳುತ್ತೀಯ. ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ ನ್ಯೂಯಾರ್ಕ್ ಟೈಮ್ಸಿನ ಸುಮಾರು 7,000 ಬರಹಗಳನ್ನು ಜಾಲಾಡಿ 2012ರಲ್ಲಿ ಹೇಳಿದ್ದು ಇದು: ಬೆರಗು, ಸಿಟ್ಟು, ಆತಂಕ ಹುಟ್ಟಿಸಿದ್ದನ್ನು ಜನ ಹೆಚ್ಚು ಕಳಿಸುತ್ತಾರೆ, ಬರೀ ದುಃಖ ಅಲ್ಲೇ ನಿಂತುಬಿಡುತ್ತದೆ. ಬೆಟ್ಟದ ಹಾದಿಯಲ್ಲಿ ಕಷ್ಟಪಟ್ಟು ಹೋಗಿ ಅಂಧ ಮಕ್ಕಳ ಹಾಸ್ಟೆಲಿನ ಟಿವಿ ರಿಪೇರಿ ಮಾಡುವ ಸ್ಯಾಮ್‌ಸಂಗ್ ಹುಡುಗನ ಜಾಹೀರಾತು ಓಡಿತಲ್ಲ ಅಂದರೆ, ಅಲ್ಲಿ ಕಣ್ಣೀರು ಬಂದದ್ದು ಟಿವಿ ಸರಿಹೋದ ಮೇಲೆ, ಖುಷಿಗೆ. ಸಿಟ್ಟಿನ ತಂಟೆಗೆ ಮಾತ್ರ ಹೋಗಬೇಡ. 2017ರಲ್ಲಿ ಪ್ರತಿಭಟನೆಯ ನಡುವೆ ಪೊಲೀಸನ ಕೈಗೆ ಪೆಪ್ಸಿ ಕ್ಯಾನ್ ಕೊಡಿಸಿದ ಜಾಹೀರಾತೂ ಲೋಕವೆಲ್ಲ ಸುತ್ತಿತು, ಮರುದಿನವೇ ಕಂಪನಿ ಕ್ಷಮೆ ಕೇಳಿ ಅದನ್ನು ವಾಪಸ್ ಪಡೆಯಿತು.

ಲೋಗೋ ದೊಡ್ಡದು ಮಾಡಿ ಅಂತ ಟ್ಯಾಂಕಿನವರು ಕೇಳಿಯೇ ಕೇಳುತ್ತಾರೆ, ಕೇಳದ ಮಾಲೀಕ ಇನ್ನೂ ಹುಟ್ಟಿಲ್ಲ. ಹಾರ್ವರ್ಡ್‌ನಲ್ಲಿದ್ದ ಥೇಲ್ಸ್ ಟೆಷೇರಾ ನೋಡುವವರ ಕಣ್ಣಿನ ಚಲನೆ ಅಳೆದು ಕಂಡುಕೊಂಡದ್ದನ್ನು ತೋರಿಸು: ಲೋಗೋ ಢಾಳಾಗಿ ಕಂಡಷ್ಟೂ ಜನ ನೋಡುವುದನ್ನು ಬಿಡುತ್ತಾರೆ, ಕಥೆಯ ಒಳಗೆ ಆಗಾಗ ಮಿಂಚಿ ಮರೆಯಾದರೆ ಉಳಿಯುತ್ತಾರೆ. ಒಪ್ಪದಿದ್ದರೆ ಕೊನೆಯಲ್ಲಿ ದೊಡ್ಡದಾಗಿಯೇ ಹಾಕಿಕೊಡು, ಜಗಳ ಬೇಡ. ಬಸ್ಸಿನಲ್ಲಿ ಸೌಂಡ್ ಇಲ್ಲದೆ ನೋಡುವವರಿಗಾಗಿ ಮಾತನ್ನು ಅಕ್ಷರದಲ್ಲೂ ಹಾಕು.

ಕೊಟೇಶನ್ನಿನಲ್ಲಿ ‘ವೈರಲ್’ ಅನ್ನುವ ಪದ ಎಲ್ಲಿಯೂ ಬರಕೂಡದು. ಇಷ್ಟು ಅವಧಿಯ ವಿಡಿಯೊ, ಇಷ್ಟು ಬದಲಾವಣೆ, ಇಷ್ಟು ದಿನ, ಅಷ್ಟೇ. ಬಜೆಟ್ಟಿನಲ್ಲಿ ಒಂದು ಪಾಲನ್ನು ಹಂಚುವುದಕ್ಕೆ ಅಂತಲೇ ಎತ್ತಿಡಿಸು, ಮೊದಲ ಕೆಲವು ಸಾವಿರ ಜನರಿಗೆ ದುಡ್ಡು ಕೊಟ್ಟೇ ತಲುಪಿಸಬೇಕು. ವ್ಯೂಸ್ ಎಷ್ಟು ಅಂತ ಅವರು ಕೇಳಿದರೆ, ಡೀಲರುಗಳಿಗೆ ಬಂದ ಫೋನ್ ಎಷ್ಟು ಅಂತ ನೀನು ಕೇಳು. ವ್ಯೂಸ್ ಕೊಳ್ಳಲು ಸಿಗುತ್ತದೆ, ಆ ಫೋನ್ ಸಿಗುವುದಿಲ್ಲ. ಮತ್ತೆ, ಅರ್ಧ ಮುಂಗಡ ಬ್ಯಾಂಕಿಗೆ ಬರುವ ತನಕ ಶೂಟಿಂಗ್ ದಿನ ಗೊತ್ತು ಮಾಡಬೇಡ.