ನಕಲಾದರೆ ಸಾಲದು, ತಾಳೆ ನೋಡಬೇಕು

ಪರೀಕ್ಷೆಯ ಕೊಠಡಿಯಲ್ಲಿ ನಕಲು ಮಾಡುವುದು ಅಪರಾಧವೆಂದು ನಿಮಗೆ ಹೇಳುತ್ತ ಬಂದಿರುವ ನಾವೇ ಇಂದು ನಕಲಿನ ಮಹಿಮೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ನೀವು ನಗಬಹುದು. ಆದರೆ ವಿದ್ಯಾರ್ಥಿಗಳೇ, ಹಿಂದಿನವರ ಗ್ರಂಥಗಳು ನಮ್ಮವರೆಗೆ ಬಂದುದು ನಕಲು ಮಾಡಿದವರ ಶ್ರಮದಿಂದಲೇ. ತಾಳೆಗರಿಯನ್ನು ಹುಳು ತಿನ್ನುವುದಕ್ಕೆ ಮುನ್ನ ಲಿಪಿಕಾರನು ಹೊಸ ಗರಿಯ ಮೇಲೆ ಅದನ್ನು ಬರೆದಿಡುತ್ತಿದ್ದನು. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಇತರ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದಿತು. 1905ರಲ್ಲಿ ಅದರ ತಾಳೆಯೋಲೆಯ ಪ್ರತಿಯೊಂದು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿತು, 1909ರಲ್ಲಿ ಗ್ರಂಥವು ಅಚ್ಚಾಯಿತು. ಹೆಸರು ತಿಳಿಯದ ಲಿಪಿಕಾರನೊಬ್ಬನ ದುಡಿಮೆ ಇಷ್ಟು ದೊಡ್ಡ ಫಲವನ್ನು ಕೊಟ್ಟಿತು.

ಆದರೆ ಲಿಪಿಕಾರನ ಕೈ ತಪ್ಪುವುದೂ ಉಂಟು. ಅಕ್ಷರ ಬಿಡುವುದೂ ಸಾಲು ಹಾರುವುದೂ ಉಂಟು. ಆದುದರಿಂದಲೇ ವಿದ್ವಾಂಸರು ಒಂದು ಪ್ರತಿಯನ್ನು ಇನ್ನೊಂದರೊಡನೆ ತಾಳೆ ನೋಡುವರು. ಗಣಕಯಂತ್ರವು ನಮ್ಮ ಪರವಾಗಿ ನಕಲು ಮಾಡುವ ಈ ಕಾಲದಲ್ಲಿಯೂ ಆ ಕೆಲಸ ತಪ್ಪಿದುದಲ್ಲ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಅಜಾಗರೂಕತೆಯಿಂದ ಕಲಿತೆವು. ಆ ಪಾಠವನ್ನೇ ಇಲ್ಲಿ ನಿಮಗೆ ಒಪ್ಪಿಸುತ್ತೇವೆ.

ಮನೆಯ ಸರ್ವರು

ಸರ್ವರು ಎಂದರೆ ಬೇರೆ ಯಂತ್ರಗಳು ಕೇಳಿದಾಗ ಫೈಲುಗಳನ್ನು ಒದಗಿಸುವ ಗಣಕಯಂತ್ರ. ಹಳೆಯ ಗಣಕವೊಂದಕ್ಕೆ ಲಿನಕ್ಸ್ ಹಾಕಿ, ಮನೆಯ ಮೂಲೆಯಲ್ಲಿ ಹಗಲಿರುಳು ನಡೆಯಬಿಟ್ಟರೆ ಅದೇ ಮನೆಯ ಸರ್ವರು. ಮುಂಬಯಿಯ ಚಾಳಿನಲ್ಲಿರುವ ನಮ್ಮ ಕೋಣೆಯಲ್ಲಿ, ಮೇಜಿನ ಕೆಳಗೆ, ಅಂಥದೊಂದು ಇದೆ.

ಕಳೆದ ವರ್ಷ ನಿಮ್ಮಲ್ಲಿ ಹಲವರು ನಿಮ್ಮ ಮನೆಯ ಹಿರಿಯರು ಈ ನಗರಕ್ಕೆ ಬಂದ ವೃತ್ತಾಂತವನ್ನು ಅವರ ಬಾಯಿಂದಲೇ ಕೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ತಂದಿರಿ. ಅವೆಲ್ಲವನ್ನೂ ವಾರ್ಷಿಕೋತ್ಸವದ ಚಿತ್ರಗಳೊಡನೆ ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೂಡಿಸಿದೆವು. ಶನಿವಾರಗಳಂದು ಲ್ಯಾಪ್‌ಟಾಪನ್ನು ಮನೆಗೆ ತಂದು, ಆರ್‌ಸಿಂಕ್ ಎಂಬ ನಕಲಿನ ಕಾರ್ಯಕ್ರಮದಿಂದ ಫೈಲುಗಳನ್ನು ಸರ್ವರಿಗೂ, ಅಲ್ಲಿಂದ ಕೈಯಗಲದ ಒಂದು ಹೊರ ಡಿಸ್ಕಿಗೂ ಕಳುಹಿಸುತ್ತಿದ್ದೆವು. ತೆರೆಯ ಮೇಲೆ ಸಾಲುಗಳು ಓಡಿ ನಿಲ್ಲುತ್ತಿದ್ದವು. ನಿಂತುದನ್ನೇ ಮುಗಿದುದೆಂದು ನಾವು ತಿಳಿದೆವು.

ದೀಪಾವಳಿಯ ರಜೆಯ ತರುವಾಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂದು, “ಸರ್, ನಮ್ಮ ಅಜ್ಜಿ ತೀರಿಕೊಂಡರು. ಅಪ್ಪನ ಹಳೇ ಫೋನೂ ಈಗ ಇಲ್ಲ. ಅಜ್ಜಿ ಮಾತಾಡಿದ್ದು ನಿಮ್ಮ ಹತ್ತಿರ ಇದೆಯಲ್ಲ?” ಎಂದು ಕೇಳಿದಳು. ಇದೆ ಎಂದು ಧೈರ್ಯವಾಗಿ ಹೇಳಿ ಮನೆಗೆ ಬಂದು ಸರ್ವರನ್ನು ತೆರೆದೆವು. ಉಳಿದವರ ಧ್ವನಿಗಳಿದ್ದವು, ಆ ಅಜ್ಜಿಯ ಧ್ವನಿ ಇರಲಿಲ್ಲ. ಹೊರ ಡಿಸ್ಕಿನಲ್ಲಿಯೂ ಇರಲಿಲ್ಲ. ಶಾಲೆಯ ಲ್ಯಾಪ್‌ಟಾಪು ಬಹಳ ನಿಧಾನವಾಗಿದ್ದುದರಿಂದ, ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಸಜ್ಜುಗೊಳಿಸಲು ಮರುದಿನ ಬೆಳಗ್ಗೆ ಕೊಡುವುದೆಂದು ನಿಶ್ಚಯವಾಗಿತ್ತು. “ಎಲ್ಲಕ್ಕೂ ಬ್ಯಾಕಪ್ ಇದೆ” ಎಂದು ಒಪ್ಪಿಗೆ ಕೊಟ್ಟವರು ನಾವೇ.

ಆ ರಾತ್ರಿಯೇ ಅಳಿಸುವ ಕೆಲಸವನ್ನು ನಿಲ್ಲಿಸುವಂತೆ ಹೇಳಿ ಕಳುಹಿಸಿದೆವು. ಇದು ಶೋಧದ ಮೊದಲ ನಿಯಮ: ನಕಲಿನಲ್ಲಿ ಸಂದೇಹ ಬಂದೊಡನೆ ಮೂಲವನ್ನು ಮುಟ್ಟದೆ ಕಾಪಾಡತಕ್ಕದ್ದು.

ಎಣಿಕೆ, ಮತ್ತು ಯಂತ್ರದ ಮಾತು

ಎರಡನೆಯ ನಿಯಮ ಎಣಿಸುವುದು. ಲ್ಯಾಪ್‌ಟಾಪಿನಲ್ಲಿ 212 ಫೈಲುಗಳು, ಸರ್ವರಿನಲ್ಲಿ 210, ಹೊರ ಡಿಸ್ಕಿನಲ್ಲಿ 209. ಮೊದಲ ದಾರಿಯಲ್ಲಿ ಎರಡು, ಎರಡನೆಯ ದಾರಿಯಲ್ಲಿ ಒಂದು, ಹೀಗೆ ಮೂರು ತಪ್ಪಿಹೋಗಿದ್ದವು. ಐದು ನಿಮಿಷದ ಈ ಎಣಿಕೆಯನ್ನು ನಾವು ಮೊದಲೇ ಮಾಡಬಹುದಾಗಿತ್ತು.

ಮೂರನೆಯ ನಿಯಮ ಯಂತ್ರವು ಹೇಳಿದುದನ್ನು ಓದುವುದು. ನಕಲಿನ ಕಾರ್ಯಕ್ರಮವು ತಾನು ಮಾಡಿದುದನ್ನು ಲಾಗ್ ಎಂಬ ದಿನಚರಿಯಲ್ಲಿ ಬರೆದಿಡಬಲ್ಲುದು. ಆರ್‌ಸಿಂಕ್ ಕೆಲಸ ಮುಗಿಸಿ ಹೊರಡುವಾಗ ಒಂದು ಅಂಕೆಯನ್ನೂ ಕೊಡುವುದು: ಸೊನ್ನೆಯಾದರೆ ಎಲ್ಲವೂ ಸರಿ, 23 ಆದರೆ ದೋಷದಿಂದಾಗಿ ಕೆಲವು ಫೈಲುಗಳು ಹೋಗಲಿಲ್ಲವೆಂದು ಅರ್ಥ. ನಮ್ಮ ದಿನಚರಿಯಲ್ಲಿ ವಾರವಾರವೂ 23 ಇದ್ದಿತು. ಯಂತ್ರವು ಸುಳ್ಳು ಹೇಳಿರಲಿಲ್ಲ, ನಾವು ಓದಿರಲಿಲ್ಲ.

ಏಕೆ ಓದಲಿಲ್ಲವೆಂಬುದನ್ನು ಮರೆಮಾಚದೆ ಹೇಳುತ್ತೇವೆ. ಶಾಲೆಯ ಓದನ್ನೆಲ್ಲ ಕನ್ನಡದಲ್ಲಿ ಮಾಡಿದ ನಮಗೆ, ತೆರೆಯ ಮೇಲೆ ಇಂಗ್ಲಿಷಿನಲ್ಲಿ ದೋಷವಾಕ್ಯ ಕಂಡೊಡನೆ ಅದು ನಮಗಲ್ಲವೆಂದು ಮುಚ್ಚಿಬಿಡುವ ಅಭ್ಯಾಸ ಬಹುದಿನಗಳಿಂದ ಇದ್ದಿತು. ನಿಮ್ಮಲ್ಲಿಯೂ ಇದು ಕೆಲವರಿಗೆ ಇದೆಯೆಂದು ಬಲ್ಲೆವು. ಬಿಡಿಸಿ ನೋಡಿದರೆ ಅವು ಮೂರು ನಾಲ್ಕು ಮಾತಿನ ಸರಳ ವಾಕ್ಯಗಳು. ‘ಪರ್ಮಿಷನ್ ಡಿನೈಡ್’ ಎಂದರೆ ಆ ಫೈಲನ್ನು ಮುಟ್ಟಲು ನಿಮಗೆ ಅನುಮತಿ ಇಲ್ಲ. ‘ನೋ ಸ್ಪೇಸ್ ಲೆಫ್ಟ್’ ಎಂದರೆ ಸ್ಥಳವಿಲ್ಲ. ಈ ಎರಡನೆಯದರಲ್ಲಿ ಒಂದು ಮೋಸವುಂಟು: ಹೊರ ಡಿಸ್ಕು ಜೋಡಣೆಯಾಗದೆ ಇದ್ದರೆ, ಅದರ ಹೆಸರಿನ ಬರಿಯ ಫೋಲ್ಡರಿಗೆ ನಕಲು ಹರಿದು, ಸರ್ವರಿನ ಸ್ವಂತ ಡಿಸ್ಕೇ ತುಂಬಿಹೋಗುವುದು. ಆದುದರಿಂದ ಡಿಸ್ಕು ನಿಜವಾಗಿಯೂ ಕೂಡಿಕೊಂಡಿದೆಯೇ ಎಂದು ಮೊದಲು ನೋಡತಕ್ಕದ್ದು.

ನಮ್ಮ ಮೂರು ಫೈಲುಗಳಿಗೆ ಮೂರು ಬೇರೆ ವಾಕ್ಯಗಳಿದ್ದವು.

ಒಂದನೆಯದು: ಉದ್ದವಾದ ಹೆಸರು

ಅಜ್ಜಿಯ ಫೈಲಿನ ಎದುರಿಗೆ ‘ಫೈಲ್ ನೇಮ್ ಟೂ ಲಾಂಗ್’ ಎಂದಿತ್ತು. ಹೆಸರು ಅತಿ ಉದ್ದ ಎಂದು ಅರ್ಥ. ಹುಡುಗಿ ಶ್ರದ್ಧೆಯಿಂದ ಕೊಟ್ಟ ಹೆಸರು ಇದು: ‘ನಮ್ಮ ಅಜ್ಜಿಯವರು ಚಿಕ್ಕಂದಿನಲ್ಲಿ ಊರನ್ನು ಬಿಟ್ಟು ಮುಂಬಯಿಗೆ ಬಂದ ವೃತ್ತಾಂತವನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿದ್ದು’. ವಿಂಡೋಸ್ ಇರುವ ಲ್ಯಾಪ್‌ಟಾಪು ಇದನ್ನು ಒಪ್ಪಿತ್ತು. ಲಿನಕ್ಸ್ ಸರ್ವರು ಒಪ್ಪಲಿಲ್ಲ. ಎರಡರಲ್ಲಿಯೂ ಹೆಸರಿನ ಮಿತಿ 255 ಎಂದೇ ಹೇಳುವರು. ಹಾಗಾದರೆ ವ್ಯತ್ಯಾಸವೆಲ್ಲಿ?

ಅಳೆಯುವ ಮಾನದಲ್ಲಿ. ಯೂನಿಕೋಡಿನಲ್ಲಿ ‘ಅಜ್ಜಿ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಆದರೆ ಯಂತ್ರಕ್ಕೆ ಅದು ಅ, ಜ, ವಿರಾಮಚಿಹ್ನೆಯಾದ ಹಲಂತ, ಮತ್ತೆ ಜ, ಇಕಾರದ ಗುಡಿಸು ಎಂದು ಐದು ಸಂಕೇತಗಳು. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕು ಕನ್ನಡದ ಒಂದು ಸಂಕೇತವನ್ನು ಒಂದೆಂದೇ ಎಣಿಸುವುದು. ಲಿನಕ್ಸಿನ ಎಕ್ಸ್‌ಟ್4 ಡಿಸ್ಕು ಬೈಟುಗಳನ್ನು ಎಣಿಸುವುದು. ಯುಟಿಎಫ್-8 ಪದ್ಧತಿಯಲ್ಲಿ ರೋಮನ್ ಅಕ್ಷರಕ್ಕೆ 1 ಬೈಟು, ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟು. ಹೀಗೆ ‘ಅಜ್ಜಿ’ 15 ಬೈಟುಗಳಾಯಿತು. ಮೇಲಿನ ಹೆಸರಿನಲ್ಲಿ 94 ಕನ್ನಡ ಸಂಕೇತಗಳಿವೆ: ಅವಕ್ಕೆ 282 ಬೈಟು, ನಡುವಣ 11 ತೆರಪುಗಳಿಗೆ 11, ಕೊನೆಯ ಎಂಪಿ3 ಎಂಬ ಬಾಲಕ್ಕೆ ಚುಕ್ಕೆ ಸೇರಿ 4, ಒಟ್ಟು 297. ಮಿತಿಯಾದ 255ನ್ನು ಮೀರಿತು.

ಇದರಿಂದ ಕನ್ನಡದಲ್ಲಿ ಹೆಸರಿಡಬಾರದೆಂದು ತಿಳಿಯಬೇಡಿರಿ. ಕನ್ನಡದಲ್ಲಿಯೇ ಇಡಿರಿ, ಚಿಕ್ಕದಾಗಿ ಇಡಿರಿ. 60 ಸಂಕೇತಗಳೊಳಗೆ ಇದ್ದರೆ ಯಾವ ಭಯವೂ ಇಲ್ಲ. ‘ಅಜ್ಜಿ ಮುಂಬಯಿಗೆ ಬಂದದ್ದು’ ಎಂದು ಹೆಸರನ್ನು ತಿದ್ದಿ, ಅದೊಂದನ್ನೇ ಕಳುಹಿಸಿದೆವು. ಹೋಯಿತು. ಒಮ್ಮೆಗೆ ಒಂದನ್ನೇ ಬದಲಾಯಿಸಿ ನೋಡುವುದು ನಾಲ್ಕನೆಯ ನಿಯಮ. ಹತ್ತನ್ನು ಕೂಡಿ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಎರಡನೆಯದು: ದೊಡ್ಡ ಫೈಲು

ಹೊರ ಡಿಸ್ಕಿನಲ್ಲಿ ಇಲ್ಲದೆ ಹೋದುದು ನಿಮ್ಮ ನಾಟಕದ ವಿಡಿಯೊ. ಅಲ್ಲಿಯ ವಾಕ್ಯ ‘ಫೈಲ್ ಟೂ ಲಾರ್ಜ್’. ಡಿಸ್ಕಿನಲ್ಲಿ ಬೇಕಾದಷ್ಟು ಸ್ಥಳವಿದ್ದಿತು. ಆದರೆ ಅದು ಫ್ಯಾಟ್32 ಎಂಬ ಹಳೆಯ ವಿನ್ಯಾಸದ್ದು. ಅದರಲ್ಲಿ ಫೈಲಿನ ಗಾತ್ರವನ್ನು ಬರೆಯಲು 32 ಬಿಟ್ಟುಗಳ ಮನೆ ಮಾತ್ರ ಇರುವುದರಿಂದ, 4,29,49,67,295 ಬೈಟುಗಳಿಗಿಂತ ದೊಡ್ಡದಾದ ಒಂದೇ ಫೈಲನ್ನು ಅದು ಹಿಡಿಯಲಾರದು. ಡಿಸ್ಕನ್ನು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಾಯಿಸಿದೆವು. ಹೀಗೆ ಬದಲಾಯಿಸುವಾಗ ಅದರಲ್ಲಿರುವುದೆಲ್ಲ ಅಳಿಯುವುದು. ಬೇರೆಡೆ ಪ್ರತಿ ಇದೆಯೆಂದು ಖಂಡಿತವಾಗಿ ತಿಳಿದ ಮೇಲೆಯೇ ಇದಕ್ಕೆ ಕೈಹಾಕತಕ್ಕದ್ದು.

ಮೂರನೆಯದು: ಕೆಟ್ಟ ತಾಣ

ಕೊನೆಯ ಫೈಲಿನ ಎದುರಿಗೆ ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂದಿತ್ತು. ಇದು ಎಲ್ಲಕ್ಕಿಂತ ಗಂಭೀರ. ಡಿಸ್ಕಿನ ಮೇಲಿನ ಆ ತಾಣವನ್ನು ಓದಲಾಗುತ್ತಿಲ್ಲವೆಂದು ಅರ್ಥ. ಲ್ಯಾಪ್‌ಟಾಪು ನಿಧಾನವಾದುದಕ್ಕೂ ಇದೇ ಕಾರಣವೆಂದು ಆಗ ತಿಳಿಯಿತು. ಇಂಥ ಡಿಸ್ಕನ್ನು ಮತ್ತೆ ಮತ್ತೆ ಓದಿಸಿ ಪೀಡಿಸಬಾರದು. ಓದಲು ಬರುವುದನ್ನೆಲ್ಲ ಮೊದಲು ಹೊರಗೆ ತೆಗೆದು, ಬಳಿಕ ಡಿಡಿರೆಸ್ಕ್ಯೂದಂಥ ಸಾಧನದಿಂದ ಉಳಿದುದನ್ನು ಪ್ರಯತ್ನಿಸಬೇಕು.

ಆ ಫೈಲಿನಲ್ಲಿದ್ದುದು ನಿಮ್ಮ ಸಹಪಾಠಿಯೊಬ್ಬನ ತಾತನವರ ಮಾತು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಅವರು. ಮೊದಲಿನ ಹನ್ನೊಂದು ನಿಮಿಷ ಸಿಕ್ಕಿತು, ಮುಂದಿನದು ಸಿಗಲಿಲ್ಲ. ಹಿರಿಯರು ಇನ್ನೊಮ್ಮೆ ಕೂತು ಹೇಳಿದರು. ಆದರೆ ಮೊದಲ ಸಲ ನಡುವೆ ಹಾಡಿದ ಪದ ಎರಡನೆಯ ಸಲ ಅವರಿಗೆ ನೆನಪಾಗಲಿಲ್ಲ. ಮೊದಲ ವಾರವೇ ದಿನಚರಿಯನ್ನು ಓದಿದ್ದರೆ, ಆ ಧ್ವನಿಮುದ್ರಣವನ್ನು ಮೊಬೈಲಿನಿಂದ ಇನ್ನೊಮ್ಮೆ ಪಡೆಯಬಹುದಾಗಿತ್ತು. ಈ ನಷ್ಟ ನಮ್ಮ ಲೆಕ್ಕಕ್ಕೆ ಸೇರಿದುದು.

ಮರಳಿ ದೊರೆತಾಗಲೇ ಬ್ಯಾಕಪ್

ದೊಡ್ಡವರೂ ಈ ತಪ್ಪಿಗೆ ಹೊರತಲ್ಲ. 1998ರಲ್ಲಿ ‘ಟಾಯ್ ಸ್ಟೋರಿ 2’ ಚಲನಚಿತ್ರವು ತಯಾರಾಗುತ್ತಿದ್ದಾಗ, ಪಿಕ್ಸಾರ್ ಸಂಸ್ಥೆಯಲ್ಲಿ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗದ ಫೈಲುಗಳು ಅಳಿದುಹೋದವು. ಬ್ಯಾಕಪ್ ಇದೆಯೆಂದು ನಂಬಿದ್ದರು. ತೆಗೆದು ನೋಡಿದರೆ ಅದು ಸರಿಯಾಗಿ ಆಗಿರಲೇ ಇಲ್ಲ. ಗ್ಯಾಲಿನ್ ಸಸ್‌ಮನ್ ಎಂಬ ಮಹಿಳೆಯು ಮನೆಯಲ್ಲಿ ಕೆಲಸ ಮಾಡಲು ಇಟ್ಟುಕೊಂಡಿದ್ದ ಗಣಕದಲ್ಲಿ ಒಂದು ಪ್ರತಿ ಇದ್ದುದರಿಂದ ಚಿತ್ರವು ಉಳಿಯಿತು, 1999ರಲ್ಲಿ ತೆರೆಕಂಡಿತು.

ಆದುದರಿಂದ ಐದನೆಯ ನಿಯಮ: ನಕಲನ್ನು ಮರಳಿ ತೆರೆದು ನೋಡಬೇಕು. ಎಣಿಕೆ ಸರಿಯಾದರೂ ಒಳಗಿನ ವಸ್ತು ಕೆಟ್ಟಿರಬಹುದು. ಇದಕ್ಕೆ ಎಸ್‌ಎಚ್‌ಎ-256 ಎಂಬ ಗಣಿತದ ವಿಧಾನವಿದೆ. ಅದು ಯಾವ ಫೈಲನ್ನಾದರೂ ಓದಿ 64 ಚಿಹ್ನೆಗಳ ಒಂದು ಗುರುತನ್ನು ಕೊಡುವುದು, ಹೆಬ್ಬೆಟ್ಟಿನ ಮುದ್ರೆಯಂತೆ. ಒಳಗೆ ಒಂದು ಬಿಟ್ಟು ಬದಲಾದರೂ ಗುರುತು ಬೇರೆಯಾಗುವುದು. ಮೂಲದ ಗುರುತೂ ನಕಲಿನ ಗುರುತೂ ಒಂದೇ ಆದರೆ ತಾಳೆಯಾಯಿತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಹೊಂದುವುದು.

ಇನ್ನೂ ಒಂದು ಮಾತು. ಕನ್ನಡಿಯಂತೆ ಮೂಲವನ್ನು ಅನುಸರಿಸುವ ಜೋಡಣೆಯನ್ನೇ ಬ್ಯಾಕಪ್ ಎಂದು ನಂಬಬೇಡಿರಿ. ಮೂಲದಲ್ಲಿ ಅಳಿಸಿದುದು ಕನ್ನಡಿಯಲ್ಲಿಯೂ ಅಳಿಯುವುದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ, ಎಂಬ ಸೂತ್ರವನ್ನು ಬಲ್ಲವರು ಹೇಳುವರು. ಈಗ ನಮ್ಮ ಮೂರನೆಯ ಪ್ರತಿ ಶಾಲೆಯ ಕಪಾಟಿನಲ್ಲಿದೆ. ತಿಂಗಳ ಮೊದಲ ಶನಿವಾರ ಯಾವುದಾದರೂ ಒಂದು ಫೈಲನ್ನು ತೆರೆದು ಕೇಳುತ್ತೇವೆ.

ಅಜ್ಜಿಯ ಧ್ವನಿಯನ್ನು ಸರ್ವರಿನಿಂದಲೇ ತೆರೆದು ಹುಡುಗಿಗೆ ಕೇಳಿಸಿದೆವು. ಅವಳು ಕೊನೆಯವರೆಗೂ ಕೂತಿದ್ದಳು. ವೃತ್ತಾಂತ ಮುಗಿದ ಮೇಲೆ, ಯಂತ್ರ ನಿಂತಿಲ್ಲವೆಂದು ತಿಳಿಯದೆ ಅಜ್ಜಿ ತಮ್ಮ ಸೀಮೆಯ ಮಾತಿನಲ್ಲಿ, “ಸಾಕ ಬಿಡವ್ವ, ಏಳು, ಉಣ್ಣಾಕ ಬಾ” ಎಂದುದೂ ಅದರಲ್ಲಿ ಉಳಿದಿತ್ತು.

ಅಭ್ಯಾಸ

1. ನಿಮ್ಮ ಹೆಸರನ್ನು ಯೂನಿಕೋಡ್ ಸಂಕೇತಗಳಾಗಿ ಬಿಡಿಸಿ, ಯುಟಿಎಫ್-8ರಲ್ಲಿ ಎಷ್ಟು ಬೈಟುಗಳಾಗುವುವೆಂದು ಲೆಕ್ಕ ಹಾಕಿರಿ.
2. ಪಾಠದಲ್ಲಿರುವ ಉದ್ದವಾದ ಹೆಸರಿನ 94 ಸಂಕೇತಗಳನ್ನು ಎಣಿಸಿ, ನಮ್ಮ ಲೆಕ್ಕವನ್ನು ತಾಳೆ ನೋಡಿರಿ.
3. ಮನೆಯ ಮೊಬೈಲಿನಲ್ಲಿ ಹಿರಿಯರ ಧ್ವನಿ ಇದ್ದರೆ, ಅದರ ಇನ್ನೊಂದು ಪ್ರತಿ ಎಲ್ಲಿದೆ? ಈ ದಿನವೇ ತೆರೆದು ಪೂರ್ತಿ ಕೇಳಿರಿ.