ಸರ್ವರಿನೊಡನೆ ಸತತ ಸಂಪರ್ಕ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಅಲ್ಲಿಯ ವಿದ್ಯಾರ್ಥಿಗಳಿಗೆ ತೂಬೆಂದರೇನೆಂದು ನಾವು ವಿವರಿಸಬೇಕಾಗಿಲ್ಲ. ತೂಬನ್ನು ಒಮ್ಮೆ ಎತ್ತಿದರೆ ನೀರು ಕಾಲುವೆಯಲ್ಲಿ ಹರಿದು ತಾನಾಗಿಯೇ ಗದ್ದೆಯನ್ನು ಸೇರುತ್ತದೆ. ಕಾಲುವೆಯಿಲ್ಲದ ಕಡೆ ಕೊಡ ಹೊತ್ತು ಮತ್ತೆ ಮತ್ತೆ ಕೆರೆಗೆ ಹೋಗಿಬರಬೇಕು. ಸರ್ವರಿನಿಂದ ಮಾಹಿತಿಯನ್ನು ತರುವುದರಲ್ಲಿಯೂ ಈ ಎರಡು ಬಗೆಗಳುಂಟು.

ಜಾಲತಾಣಗಳ ಮೂಲ ನಿಯಮವಾದ ಎಚ್‌ಟಿಟಿಪಿ ಕೊಡದ ಪದ್ಧತಿಯದು. ಬ್ರೌಸರು ಕೇಳಬೇಕು, ಸರ್ವರು ಉತ್ತರಿಸಬೇಕು. ಕೇಳದೆ ಸರ್ವರು ತುಟಿ ಬಿಚ್ಚುವಂತಿಲ್ಲ. ಪಾಠ ಓದುವುದಕ್ಕೋ ಫಲಿತಾಂಶ ನೋಡುವುದಕ್ಕೋ ಇಷ್ಟು ಸಾಕು. ಆದರೆ ಅಡಕೆಯ ಧಾರಣೆಯಂತೆ ಕ್ಷಣಕ್ಷಣಕ್ಕೂ ಬದಲಾಗಬಹುದಾದ ವಿಷಯಕ್ಕೆ ಇದು ಸಾಲದು. ಕರ್ನಾಟಕದ ಕೃಷಿ ಮಾರುಕಟ್ಟೆಗಳಿಗೆ ಗಣಕಯಂತ್ರದ ಮೂಲಕ ಟೆಂಡರ್ ನಡೆಸುವ ಏಕೀಕೃತ ವ್ಯವಸ್ಥೆ 2014ರಲ್ಲಿಯೇ ಬಂದಿತು. ನಾವು ಈಗ ತೆಗೆದುಕೊಳ್ಳುವುದು ಅದನ್ನಲ್ಲ. ಪಾಠಕ್ಕೆಂದೇ ಕಲ್ಪಿಸಿದ ಒಂದು ಸಣ್ಣ ಧಾರಣೆಯ ಫಲಕವನ್ನು. ಶಿಕಾರಿಪುರದಲ್ಲಿ ಅದರ ಸರ್ವರು ಇರಲಿ. ಸೊರಬದ ತೋಟದಲ್ಲಿ ನಿಂತ ಬೆಳೆಗಾರನು ತನ್ನ ಮೊಬೈಲಿನಲ್ಲಿ ಅದನ್ನು ನೋಡುತ್ತಿರಲಿ.

ಮೊಬೈಲು 5 ಸೆಕೆಂಡಿಗೊಮ್ಮೆ 'ಧಾರಣೆ ಬದಲಾಯಿತೆ?' ಎಂದು ಕೇಳಿದರೆ ಗಂಟೆಗೆ 720 ಪ್ರಶ್ನೆಗಳಾದುವು. ಆ ಗಂಟೆಯಲ್ಲಿ ಧಾರಣೆ ಮೂರೇ ಸಲ ಬದಲಾಗಿದ್ದರೆ ಉಳಿದ 717 ಪ್ರಶ್ನೆಗಳೂ ವ್ಯರ್ಥ. ಪ್ರತಿಯೊಂದು ಪ್ರಶ್ನೆಯ ತಲೆಯ ಮೇಲೂ ವಿಳಾಸ, ಗುರುತು ಮೊದಲಾದ ನೂರಾರು ಅಕ್ಷರಗಳ ಹೊರೆ ಬೇರೆ. ಇಷ್ಟಾದರೂ ಸುದ್ದಿ 5 ಸೆಕೆಂಡು ಹಳೆಯದಾಗಿರಬಹುದು! ಹೊಸ ಸುದ್ದಿ ಬರುವ ತನಕ ಸರ್ವರು ಉತ್ತರವನ್ನು ತಡೆದಿಟ್ಟುಕೊಳ್ಳುವ ಉಪಾಯವೊಂದುಂಟು. ಅದಕ್ಕೆ ಲಾಂಗ್ ಪೋಲಿಂಗ್ ಎಂದು ಹೆಸರು. ಅದೂ ಕೊಡವೇ, ಸ್ವಲ್ಪ ದೊಡ್ಡದು ಅಷ್ಟೆ.

ನಿಜವಾದ ಕಾಲುವೆ ವೆಬ್‌ಸಾಕೆಟ್. ಇದರ ನಿಯಮಾವಳಿ 2011ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಬ್ರೌಸರು ಸಾಮಾನ್ಯವಾದ ಎಚ್‌ಟಿಟಿಪಿ ಪ್ರಶ್ನೆಯನ್ನೇ ಕಳುಹಿಸಿ, 'ಇನ್ನು ಮುಂದೆ ಬೇರೆ ನಿಯಮದಲ್ಲಿ ಮಾತನಾಡೋಣವೆ?' ಎಂದು ಕೋರುತ್ತದೆ. ಸರ್ವರು ಒಪ್ಪಿದರೆ 101 ಎಂಬ ಸಂಖ್ಯೆಯ ಉತ್ತರ ಕೊಡುತ್ತದೆ. ಅಲ್ಲಿಂದಾಚೆಗೆ ಅದೇ ಸಂಪರ್ಕ ತೆರೆದೇ ಇದ್ದು, ಇಬ್ಬರಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತನಾಡಬಹುದು. ಸರ್ವರು ಕಳುಹಿಸುವ ಸಣ್ಣ ಸಂದೇಶದ ತಲೆಹೊರೆ ಈಗ ಎರಡೇ ಬೈಟು.

ಇಷ್ಟು ಸುಲಭವಾಗಿದ್ದರೆ ಲೈಬ್ರರಿಯೇಕೆ? (ಇಲ್ಲಿ ಲೈಬ್ರರಿಯೆಂದರೆ ಪುಸ್ತಕ ಭಂಡಾರವಲ್ಲ, ಇತರರು ಬರೆದು ಪರೀಕ್ಷಿಸಿಟ್ಟ, ನಾವು ನಮ್ಮ ಕೆಲಸಕ್ಕೆ ಸೇರಿಸಿಕೊಳ್ಳತಕ್ಕ ಪ್ರೋಗ್ರಾಮಿನ ಭಾಗ.) ಕಾಲುವೆಯ ಕೊನೆಯಲ್ಲಿ ಗದ್ದೆಯುಳ್ಳವನ ಕಷ್ಟವನ್ನು ನೆನೆದರೆ ಉತ್ತರ ಹೊಳೆಯುತ್ತದೆ. ನೀರು ಬರಲಿಲ್ಲವೆಂದರೆ ತೂಬು ಮುಚ್ಚಿದೆಯೋ, ನಡುವೆ ಕಾಲುವೆಯೇ ಒಡೆದಿದೆಯೋ ಅವನಿಗೆ ಕಾಣದು. ಹಾಗೆಯೇ ಸೊರಬದ ಮೊಬೈಲು ಗುಡ್ಡದ ಮರೆಗೆ ಸರಿದು ಸಿಗ್ನಲ್ ತಪ್ಪಿದಾಗ, 'ಹೋಗಿಬರುತ್ತೇನೆ' ಎಂದು ಯಾರೂ ಹೇಳಿರುವುದಿಲ್ಲ. ತೆರೆಯ ಮೇಲೆ ಹಳೆಯ ಧಾರಣೆ ಹಾಗೆಯೇ ನಿಂತಿರುತ್ತದೆ. ಧಾರಣೆ ಬದಲಾಗದ ಮೌನವೂ ಸಂಪರ್ಕ ಸತ್ತ ಮೌನವೂ ನೋಡುವ ಕಣ್ಣಿಗೆ ಒಂದೇ. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ತಿರುಳೇ ಇದು. ಸಂದೇಶ ಕಳುಹಿಸುವುದು ಸುಲಭದ ಭಾಗ.

ಇದಕ್ಕಾಗಿ ಹುಟ್ಟಿದ ಲೈಬ್ರರಿಗಳಲ್ಲಿ ಸಾಕೆಟ್.ಐಒ ಪ್ರಸಿದ್ಧವಾದುದು. ಗಿಯೆರ್ಮೊ ರೌಚ್ ಎಂಬುವರು 2010ರಲ್ಲಿ ಇದನ್ನು ಜಾವಾಸ್ಕ್ರಿಪ್ಟಿನಲ್ಲಿ ರಚಿಸಿದರು. ಇದರ ಒಂದು ಭಾಗ ಸರ್ವರಿನಲ್ಲಿಯೂ ಇನ್ನೊಂದು ಬ್ರೌಸರಿನಲ್ಲಿಯೂ ಇರಬೇಕು. ಬರಿಯ ವೆಬ್‌ಸಾಕೆಟ್ ಸರ್ವರಿನೊಡನೆ ಇದು ಮಾತನಾಡಲಾರದು. ಬಳಕೆಗೆ ಮುಖ್ಯವಾಗಿ ಎರಡು ಪದ ತಿಳಿದರೆ ಸಾಕು: ಕಳುಹಿಸುವುದಕ್ಕೆ 'ಎಮಿಟ್', ಬಂದುದನ್ನು ಸ್ವೀಕರಿಸುವುದಕ್ಕೆ 'ಆನ್'. ನಾವು ಬೇರೆ ಹೇಳದಿದ್ದರೆ ಲೈಬ್ರರಿ ಮೊದಲು ಲಾಂಗ್ ಪೋಲಿಂಗಿನಿಂದ ಆರಂಭಿಸಿ, ದಾರಿ ಸರಿಯಿದ್ದರೆ ವೆಬ್‌ಸಾಕೆಟ್ಟಿಗೆ ಏರುತ್ತದೆ.

ಮೌನದ ಸಮಸ್ಯೆಗೆ ಅದು ನಾಡಿ ಹಿಡಿಯುವ ಉಪಾಯವನ್ನು ಮಾಡಿದೆ. ನಾಲ್ಕನೆಯ ಆವೃತ್ತಿಯಲ್ಲಿ ಸರ್ವರು 25 ಸೆಕೆಂಡಿಗೊಮ್ಮೆ 'ಪಿಂಗ್' ಎನ್ನುತ್ತದೆ, ಬ್ರೌಸರು 'ಪಾಂಗ್' ಎನ್ನುತ್ತದೆ. ಉತ್ತರಕ್ಕೆ ಸರ್ವರು 20 ಸೆಕೆಂಡು ಕಾಯುತ್ತದೆ. ಬ್ರೌಸರಿಗೂ ಈ ಲೆಕ್ಕ ಗೊತ್ತು: 45 ಸೆಕೆಂಡು ಕಳೆದರೂ ಪಿಂಗ್ ಬಾರದಿದ್ದರೆ ಸಂಪರ್ಕ ಸತ್ತಿತೆಂದು ನಿಶ್ಚಯಿಸುತ್ತದೆ. ಆ ಬಳಿಕ ಮರುಸಂಪರ್ಕದ ಯತ್ನ: ಮೊದಲನೆಯದು ಸುಮಾರು 1 ಸೆಕೆಂಡಿನ ಮೇಲೆ, ಎರಡನೆಯದು ಸುಮಾರು 2 ಸೆಕೆಂಡಿನ ಮೇಲೆ, ಹೀಗೆ ಇಮ್ಮಡಿಯಾಗುತ್ತ 5 ಸೆಕೆಂಡಿಗೆ ನಿಲ್ಲುತ್ತದೆ. 'ಸುಮಾರು' ಎಂಬುದು ಬೇಕೆಂದೇ ಇಟ್ಟದ್ದು. ಶಿರಾಳಕೊಪ್ಪದ ಕಡೆಯ ಒಂದು ಟವರು ಕೆಟ್ಟು ಸರಿಯಾದಾಗ ನೂರಾರು ಮೊಬೈಲುಗಳು ಒಂದೇ ಕ್ಷಣದಲ್ಲಿ ಸರ್ವರಿನ ಬಾಗಿಲು ತಟ್ಟಬಾರದಷ್ಟೆ? ಅದಕ್ಕಾಗಿ ಪ್ರತಿಯೊಂದರ ಕಾಯುವ ಕಾಲವನ್ನೂ ಲೈಬ್ರರಿ ತುಸು ಹಿಂದುಮುಂದು ಮಾಡುತ್ತದೆ.

ಇಲ್ಲಿಗೆ ಅನೇಕರು ಪಾಠ ಮುಗಿಯಿತೆಂದುಕೊಳ್ಳುತ್ತಾರೆ. ಆದರೆ ಸಂಪರ್ಕವಿಲ್ಲದ ಆ ಒಂದು ನಿಮಿಷದಲ್ಲಿ ಸರ್ವರು ಹೇಳಿದ ಮಾತು ಏನಾಯಿತು? ಅದು ಕಳೆದೇ ಹೋಯಿತು. ಬಂದ ಸಂದೇಶಗಳು ಕ್ರಮತಪ್ಪುವುದಿಲ್ಲ, ನಿಜ. ಬಾರದೆ ಹೋದುವು ಮತ್ತೆ ಬರುವುದಿಲ್ಲ. 2023ರಲ್ಲಿ ಬಂದ 4.6ನೆಯ ಆವೃತ್ತಿಯಲ್ಲಿ, ಸ್ವಲ್ಪ ಕಾಲದೊಳಗೆ ಹಿಂದಿರುಗಿದವರಿಗೆ ತಪ್ಪಿದ ಸಂದೇಶಗಳನ್ನು ಕೊಡುವ ಸೌಕರ್ಯವುಂಟು; ಅದನ್ನು ಸರ್ವರಿನಲ್ಲಿ ನಾವೇ ಬಳಕೆಗೆ ತರಬೇಕು, ಅದು ಪ್ರತಿ ಸಲವೂ ಫಲಿಸುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಪ್ರತಿಯೊಂದು ಧಾರಣೆಗೂ ಸರ್ವರು ಕ್ರಮಸಂಖ್ಯೆ ಹಾಕಿ ಉಳಿಸಿಟ್ಟುಕೊಳ್ಳುವುದು ಉತ್ತಮ. ಮರಳಿ ಬಂದ ಬ್ರೌಸರು 'ನನ್ನಲ್ಲಿ 41ರ ವರೆಗೆ ಇದೆ' ಎಂದರೆ ಸರ್ವರು 42ರಿಂದ ಮುಂದಿನದನ್ನು ಕೊಡುತ್ತದೆ.

ಎದುರು ದಿಕ್ಕಿನಲ್ಲಿ ಇನ್ನೂ ಸೂಕ್ಷ್ಮವಾದ ಅಪಾಯವಿದೆ. ಸಂಪರ್ಕ ತಪ್ಪಿದ್ದಾಗ ಬ್ರೌಸರಿನಿಂದ ಎಮಿಟ್ ಮಾಡಿದುದನ್ನು ಲೈಬ್ರರಿ ಎಸೆಯುವುದಿಲ್ಲ, ಕೂಡಿಟ್ಟು ಮರುಸಂಪರ್ಕವಾದೊಡನೆ ಕಳುಹಿಸುತ್ತದೆ. ಬೆಳೆಗಾರನು ತೆರೆಯ ಮೇಲೆ ನಿಂತಿದ್ದ 48,000 ರೂಪಾಯಿಯ ಧಾರಣೆಯನ್ನು ನಂಬಿ 10 ಕ್ವಿಂಟಲಿಗೆ 'ಒಪ್ಪಿಗೆ' ಒತ್ತಿದನೆನ್ನೋಣ. ಅಷ್ಟರಲ್ಲಿ ಶಿಕಾರಿಪುರದಲ್ಲಿ ಧಾರಣೆ 50,000 ಆಗಿದೆ. ಒಂದು ನಿಮಿಷದ ಮೇಲೆ ಲೈಬ್ರರಿ ಆ ಹಳೆಯ ಒಪ್ಪಿಗೆಯನ್ನು ನಿಷ್ಠೆಯಿಂದ ತಲುಪಿಸುತ್ತದೆ. ಬೆಳೆಗಾರನಿಗೆ ನಷ್ಟ 20,000 ರೂಪಾಯಿ! ಇಂತಹ ಸಂದೇಶವನ್ನು 'ವೊಲಟೈಲ್' ಎಂದು ಗುರುತಿಸಿ ಕಳುಹಿಸಿದರೆ, ಸಂಪರ್ಕವಿಲ್ಲದಾಗ ಅದು ಅಲ್ಲಿಯೇ ಬಿಟ್ಟುಹೋಗುತ್ತದೆ. ಒಪ್ಪಿಗೆಯೊಡನೆ ಧಾರಣೆಯ ಕ್ರಮಸಂಖ್ಯೆಯನ್ನೂ ಕಳುಹಿಸಿ, ಸಂಖ್ಯೆ ಹಳೆಯದಾದರೆ ಸರ್ವರು ತಿರಸ್ಕರಿಸುವಂತೆ ಮಾಡುವುದು ಇನ್ನೂ ಭದ್ರ. ಎರಡನ್ನೂ ಮಾಡಬೇಕೆಂದು ನಾವು ಹೇಳುತ್ತೇವೆ.

ಓದುಗರು ಇದನ್ನು ಕೈಯಾರೆ ಪರೀಕ್ಷಿಸಬಹುದು. ಸರ್ವರು ಬೇರೆ ಊರಿನಲ್ಲಿರಲಿ. ನಿಮ್ಮ ಗಣಕಯಂತ್ರ ವೈಫೈ ರೂಟರಿನ ಮೂಲಕ ಅದಕ್ಕೆ ಸೇರಿರಲಿ. ವೈಫೈಯನ್ನು ಆರಿಸಬಾರದು, ಆರಿಸಿದರೆ ಬ್ರೌಸರಿಗೆ ಕೂಡಲೇ ತಿಳಿದುಬಿಡಬಹುದು. ರೂಟರಿಗೆ ಹೊರಗಿನಿಂದ ಬರುವ ತಂತಿಯನ್ನು ಮಾತ್ರ ಕಿತ್ತು ಗಡಿಯಾರ ನೋಡಿ. 'ಡಿಸ್ಕನೆಕ್ಟ್' ಎಂಬ ಸೂಚನೆ ಬರುವುದಕ್ಕೆ 20ರಿಂದ 45 ಸೆಕೆಂಡು ಹಿಡಿಯುತ್ತದೆ. ಎಷ್ಟೆಂಬುದು ಕೊನೆಯ ಪಿಂಗ್ ಯಾವಾಗ ಬಂದಿತ್ತೆಂಬುದನ್ನು ಅವಲಂಬಿಸಿದೆ. ಅಷ್ಟು ಹೊತ್ತು ತೆರೆಯ ಮೇಲಿನ ಧಾರಣೆ ಜೀವಂತವಾಗಿರುವಂತೆಯೇ ತೋರುತ್ತದೆ. ಅದರ ಪಕ್ಕದಲ್ಲಿ, ಕೊನೆಯ ಪಿಂಗ್ ಬಂದು ಎಷ್ಟು ಸೆಕೆಂಡಾಯಿತೆಂಬುದನ್ನು ಸಣ್ಣ ಅಕ್ಷರದಲ್ಲಿ ಬರೆಯಿಸಿ, ಪ್ರಯೋಗವನ್ನು ಇನ್ನೊಮ್ಮೆ ಮಾಡಿರಿ.