ಲಾರಿಗೆ ಬೇರೆ ಇಂಜಿನ್ ಕೂರಿಸಿದರೆ ಇಸಿಯುಗೆ ಏನು ಹೇಳಬೇಕು?

ದ್ವಿತೀಯ ಪಿಯು ವಿಜ್ಞಾನ ತರಗತಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮುಗಿದ ದಿನ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ನಮ್ಮ ಲಾರಿಗೆ ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸಿದ್ದಾರೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಇಸಿಯು ಟ್ಯೂನ್ ಮಾಡಬೇಕಂತೆ. ಹಾಗಂದರೆ ಏನು ಮಾಡುತ್ತಾರೆ?"

ಪಣಂಬೂರಿನ ಬಂದರಿನಿಂದ ಸರಕು ಹೇರಿಕೊಂಡು ಪಾಣೆಮಂಗಳೂರು, ಕಲ್ಲಡ್ಕ ದಾಟಿ ಶಿರಾಡಿ ಘಾಟಿ ಹತ್ತುವ ಲಾರಿಗಳು ನಮ್ಮ ಕಡೆಯ ಎಷ್ಟೋ ಮನೆಗಳ ಅನ್ನ. ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಹಾಗಾಗಿ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಇದರ ಹೆಚ್ಚಿನ ಭಾಗ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಹಳೆಯ ಲಾರಿಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಡೀಸೆಲನ್ನು ಅಳೆದು ಕೊಡುತ್ತಿದ್ದದ್ದು ಪಂಪು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪೆನಿಯ ಹೆಸರೇ ಆ ಪಂಪಿನ ಹೆಸರೂ ಆಗಿಹೋಗಿತ್ತು (2008ರಿಂದ ಆ ಕಂಪೆನಿ ಬಾಷ್). ಪಂಪನ್ನು ಬಿಚ್ಚಿ ಬೆಂಚಿನ ಮೇಲೆ ಕ್ಯಾಲಿಬ್ರೇಶನ್ ಮಾಡಿಸಿ, ಗುರುತಿಗೆ ಗುರುತು ಹೊಂದಿಸಿ ಟೈಮಿಂಗ್ ಕೂರಿಸಿದರೆ ಮುಗಿಯಿತು. ಉಳಿದದ್ದನ್ನು ಮೆಕ್ಯಾನಿಕ್ ಹೊಗೆ ನೋಡಿ, ಸದ್ದು ಕೇಳಿ ಸರಿಮಾಡುತ್ತಿದ್ದ. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಪಂಪಿನ ಕೆಲಸ ಒತ್ತಡ ಕೊಡುವುದು ಮಾತ್ರ. ಅದು 1600 ಬಾರ್‌ಗೂ ಮೇಲೆ ಹೋಗುತ್ತದೆ. ಯಾವಾಗ, ಎಷ್ಟು ಡೀಸೆಲ್ ಸಿಡಿಯಬೇಕು ಎಂದು ಹೇಳುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್.

ಅದಕ್ಕೆ ಮೊದಲು ಗೊತ್ತಾಗಬೇಕಾದದ್ದು ಪಿಸ್ಟನ್ ಎಲ್ಲಿದೆ ಎಂಬುದು. ಕ್ರ್ಯಾಂಕ್ ಜತೆ ತಿರುಗುವ ಹಲ್ಲಿನ ಚಕ್ರದ ಪಕ್ಕ ಒಂದು ಸೆನ್ಸರ್ ಇರುತ್ತದೆ. ಹಲವು ಇಂಜಿನ್‌ಗಳಲ್ಲಿ ಅದು ಅಯಸ್ಕಾಂತ ಮತ್ತು ತಂತಿಯ ಸುರುಳಿ, ಅಷ್ಟೆ. ಹಲ್ಲು ಹಾದುಹೋದಾಗ ಕಾಂತೀಯ ಅಭಿವಾಹ ಬದಲಾಗಿ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆಯ ನಿಯಮ, ಪರೀಕ್ಷೆಗೆ ನೀವು ಬಾಯಿಪಾಠ ಮಾಡಿದ್ದೇ. ಸಾಮಾನ್ಯವಾಗಿ ಕಾಣುವ ಚಕ್ರದಲ್ಲಿ 60 ಹಲ್ಲುಗಳ ಜಾಗ ಇದ್ದು ಎರಡನ್ನು ಬಿಟ್ಟಿರುತ್ತಾರೆ. ಆ ಖಾಲಿ ಜಾಗವೇ ಲೆಕ್ಕದ ಆರಂಭ. ಒಂದೊಂದು ಹಲ್ಲಿಗೆ 6 ಡಿಗ್ರಿ. ನಾಲ್ಕು ಸ್ಟ್ರೋಕಿನಲ್ಲಿ ಯಾವ ಸ್ಟ್ರೋಕ್ ಎಂದು ತಿಳಿಯಲು ಕ್ಯಾಮ್ ಶಾಫ್ಟಿನ ಬಳಿ ಇನ್ನೊಂದು ಸೆನ್ಸರ್.

ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 40 ಮಿಲಿಸೆಕೆಂಡ್. ಒಂದು ಡಿಗ್ರಿಗೆ ಸುಮಾರು 0.11 ಮಿಲಿಸೆಕೆಂಡ್. ಇಷ್ಟು ಸೂಕ್ಷ್ಮದ ಲೆಕ್ಕದಲ್ಲಿ ಹೊಸ ಇಂಜಿನ್ನಿನ ಹಲ್ಲಿನ ವಿನ್ಯಾಸ ಬೇರೆಯಾಗಿದ್ದರೆ ಇಸಿಯುಗೆ ತಲೆಬುಡ ತಿಳಿಯುವುದಿಲ್ಲ, ಇಂಜೆಕ್ಟರ್ ತೆರೆಯುವುದೇ ಇಲ್ಲ. ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿರಲು ಇದೊಂದು ಕಾರಣ. ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸಿದರೆ ಸೆನ್ಸರ್, ಅದರ ವೈರಿಂಗ್ ನೋಡಬೇಕು. ಆರ್‌ಪಿಎಂ ಬಂದರೂ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ತಾಳೆಯಾಗದಿದ್ದರೆ ಚಕ್ರಗಳನ್ನು ನೋಡಬೇಕು. ತಾಳೆಯಾಗಿಯೂ ರೈಲಿನ ಒತ್ತಡ ಸುಮಾರು 200 ಬಾರ್ ತಲುಪದಿದ್ದರೆ ಡೀಸೆಲ್ ಸಾಲಿನಲ್ಲಿ ಗಾಳಿ ಸೇರಿದೆಯೋ ಪಂಪು ಸವೆದಿದೆಯೋ ಎಂದು ಹುಡುಕಬೇಕು. ಕೀಲಿಯ ಗುರುತು ಒಪ್ಪದೆ ಇಮ್ಮೊಬಿಲೈಸರ್ ತಡೆಯುವುದೂ ಉಂಟು. ಇವು ಯಾವುವೂ ಟ್ಯೂನಿಂಗ್ ಅಲ್ಲ. ಇದನ್ನೆಲ್ಲ ನೋಡದೆ ಲ್ಯಾಪ್‌ಟಾಪ್ ತೆಗೆಯುವವರಿಗೆ ದುಡ್ಡು ಕೊಡಬೇಡಿ ಎಂದೇ ನನ್ನ ಸಲಹೆ.

ಇನ್ನು ನಿಜವಾದ ಟ್ಯೂನಿಂಗ್. ಇಸಿಯು ಒಳಗೆ 'ಮ್ಯಾಪ್' ಎಂಬ ಕೋಷ್ಟಕಗಳಿರುತ್ತವೆ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಎಕ್ಸಲೇಟರ್ ಒತ್ತಿದ ಪ್ರಮಾಣ, ಮನೆಗಳಲ್ಲಿ ಒಂದು ಸ್ಟ್ರೋಕಿಗೆ ಎಷ್ಟು ಮಿಲಿಗ್ರಾಂ ಡೀಸೆಲ್ ಎಂಬುದು. ತಿಳಿಯಲೆಂದು ನಾನೇ ಕೆಲವು ಅಂಕಿ ಹಾಕುತ್ತೇನೆ. ಶೇ. 40 ಒತ್ತಿದಾಗ 1400 ಆರ್‌ಪಿಎಂಗೆ 60, 1600ಕ್ಕೆ 70, ಶೇ. 50 ಒತ್ತಿದಾಗ ಕ್ರಮವಾಗಿ 72 ಮತ್ತು 80. ಈಗ ಆರ್‌ಪಿಎಂ 1450, ಒತ್ತಿದ್ದು ಶೇ. 45. ಕೋಷ್ಟಕದಲ್ಲಿ ಆ ಮನೆಯೇ ಇಲ್ಲ. ಮೊದಲ ಸಾಲಿನಲ್ಲಿ ಕಾಲು ಭಾಗ ಮುಂದೆ ಹೋದರೆ 62.5, ಎರಡನೆಯದರಲ್ಲಿ 74; ಇವೆರಡರ ನಡುವೆ 68.25. ಇಸಿಯು ಮಾಡುವುದೂ ಇದೇ ಗಣಿತ, ಸೆಕೆಂಡಿಗೆ ಹತ್ತಾರು ಬಾರಿ.

ಆದರೆ ಆ ಡೀಸೆಲ್ ಉರಿಯಲು ಗಾಳಿ ಬೇಕು. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಸಿಲಿಂಡರ್ ಒಂದು ಲೀಟರಿನದು, ಟರ್ಬೊ ಕೊಡುವ ಒಟ್ಟು ಒತ್ತಡ 2 ಬಾರ್, ಗಾಳಿಯ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಅಂದರೆ 323 ಕೆಲ್ವಿನ್ ಎಂದಿಟ್ಟುಕೊಳ್ಳಿ. ಆದರ್ಶ ಅನಿಲ ಸಮೀಕರಣದಿಂದ, ಶೇ. 90 ತುಂಬಿದರೆ, ಒಳಗೆ 1.94 ಗ್ರಾಂ ಗಾಳಿ. ಡೀಸೆಲ್ ಪೂರ್ತಿ ಉರಿಯಲು ಅದರ 14.5 ಪಟ್ಟು ತೂಕದ ಗಾಳಿ ಲೆಕ್ಕಕ್ಕೆ ಸಾಕು. ಕಪ್ಪು ಹೊಗೆ ಬರಬಾರದೆಂದು 18 ಪಟ್ಟು ಇಟ್ಟರೆ 108 ಮಿಲಿಗ್ರಾಂ ಡೀಸೆಲ್ ಹಾಕಬಹುದು. ಹೊಸ ಇಂಜಿನ್ನಿನ ಟರ್ಬೊ ಚಿಕ್ಕದು, 1.5 ಬಾರ್ ಮಾತ್ರ ಕೊಡುತ್ತದೆ ಎಂದಾದರೆ ಗಾಳಿ 1.46 ಗ್ರಾಂಗೆ ಇಳಿಯುತ್ತದೆ, ಡೀಸೆಲ್ 81 ಮಿಲಿಗ್ರಾಂ ದಾಟಬಾರದು. ಇಸಿಯು ಹಳೆಯ ಮ್ಯಾಪ್ ನಂಬಿ 108 ಹಾಕಿದರೆ ಅನುಪಾತ 13.5. ಕಪ್ಪು ಹೊಗೆ ಕಣ್ಣಿಗೆ ಕಾಣುತ್ತದೆ. ಕಾಣದ್ದು ಹೊಗೆಯ ಬಿಸಿ. ಗುಂಡ್ಯದಿಂದ ಮೇಲೆ ಪೂರ್ತಿ ಲೋಡಿನಲ್ಲಿ ಏರುವಾಗ ಆ ಬಿಸಿ ಪಿಸ್ಟನ್ನಿನ ತಲೆಯನ್ನೂ ಟರ್ಬೊವನ್ನೂ ತಿನ್ನುತ್ತದೆ. ಅದೇ ಕುಟುಂಬದ ಇಂಜಿನ್, ಅದೇ ಶಕ್ತಿ, ಅದೇ ಬಿಎಸ್ ಹಂತ ಎಂದಾದರೆ ಮ್ಯಾಪ್ ಮುಟ್ಟಬೇಕಾಗಿಲ್ಲ. ಯಾವುದೊಂದು ಬೇರೆಯಾದರೂ ಆ ಇಂಜಿನ್ನಿಗೆ ಕಂಪೆನಿ ಕೊಟ್ಟ ಮ್ಯಾಪೇ ಬೇಕು. ಇಂಜಿನ್ನೇ ಪೂರ್ತಿ ಬೇರೆ ಜಾತಿಯದಾದರೆ ಅದರ ಇಸಿಯು ಮತ್ತು ವೈರಿಂಗನ್ನು ಒಟ್ಟಿಗೇ ತರುವುದು ಜಾಣತನ.

ಎಲ್ಲ ಸರಿಯಿದ್ದರೂ ಬಿಡಬಾರದ ಒಂದು ಕೆಲಸ ಇಂಜೆಕ್ಟರ್ ಕೋಡ್. ಒಂದೇ ಕಾರ್ಖಾನೆಯ ಎರಡು ಇಂಜೆಕ್ಟರ್‌ಗಳೂ ಕೂದಲೆಳೆಯಷ್ಟು ಬೇರೆ. ಆ ವ್ಯತ್ಯಾಸವನ್ನು ಅಳೆದು ಹೆಚ್ಚಿನವುಗಳ ತಲೆಯ ಮೇಲೆ ಕೋಡ್ ಕೆತ್ತಿರುತ್ತಾರೆ. ಯಾವ ಸಿಲಿಂಡರಿಗೆ ಯಾವ ಕೋಡ್ ಎಂದು ಸ್ಕ್ಯಾನರ್ ಮೂಲಕ ಬರೆಯದಿದ್ದರೆ ಇಂಜಿನ್ ಬಡಿಯುತ್ತದೆ, ನಡುಗುತ್ತದೆ.

"ಹೇಗೂ ಕೈ ಹಾಕಿದ್ದೇವೆ, ಪಿಕಪ್ ಜಾಸ್ತಿ ಮಾಡಿ ಕೊಡುತ್ತೇವೆ" ಎನ್ನುವವರು ಸಿಗುತ್ತಾರೆ. ಆ ಹೆಚ್ಚುವರಿ ಟಾರ್ಕ್ ಹೋಗುವುದು ಹಳೆಯ ಕ್ಲಚ್, ಗೇರ್ ಬಾಕ್ಸ್, ಹೌಸಿಂಗ್ ಮೂಲಕ. ಬ್ರೇಕ್ ಮಾತ್ರ ಮೊದಲಿನದ್ದೇ. ಹೆಚ್ಚು ಹೇರುವ ಆಸೆಯೂ ಜತೆಗೆ ಬರುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಲಾರಿಗಳಲ್ಲಿ ಇನ್ನೊಂದು ಆಮಿಷ, ಆಡ್‌ಬ್ಲೂ ವ್ಯವಸ್ಥೆಯನ್ನು ಇಸಿಯುನಲ್ಲೇ ಮುಚ್ಚಿಬಿಡುವುದು. ಆಡ್‌ಬ್ಲೂ ಎಂದರೆ ಶೇ. 32.5 ಯೂರಿಯಾ ದ್ರಾವಣ. ಹೊಗೆಯ ಬಿಸಿಗೆ ಅದು ಅಮೋನಿಯಾ ಆಗಿ, ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ಮುಚ್ಚಿದವನಿಗೆ ಸ್ವಲ್ಪ ದುಡ್ಡು ಉಳಿಯಬಹುದು. ಆ ಗಾಳಿಯನ್ನು ಉಸಿರಾಡುವವರು ಹೆದ್ದಾರಿ ಪಕ್ಕದ ಮನೆ, ಶಾಲೆ, ಮಸೀದಿಗಳಲ್ಲಿರುವ ನಾವೇ. ಇನ್ನೊಬ್ಬರ ಹಕ್ಕಿನ ಗಾಳಿಯನ್ನು ಕೆಡಿಸಿ ಉಳಿಸಿದ್ದನ್ನು ಲಾಭ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಟ್ಯೂನ್ ಮಾಡಿಸುವ ಮೊದಲು ಇಸಿಯುವಿನ ಮೂಲ ಫೈಲನ್ನು ಓದಿಸಿ ಪ್ರತಿ ತೆಗೆದಿಡಿ. ಬರೆಯುವಾಗ ಬ್ಯಾಟರಿ ಕುಸಿದರೆ ಇಸಿಯು ಕೈಕೊಡಬಹುದು, ಹಾಗಾಗಿ ಚಾರ್ಜರ್ ಜೋಡಿಸಿರಲಿ. ಗುಜರಿಯವರಿಂದ ಇಂಜಿನ್ನಿನ ಬಿಲ್ಲು ಕೇಳಿ ಪಡೆಯಿರಿ. ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುವುದರಿಂದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಆರ್‌ಟಿಒಗೆ ತಿಳಿಸಿ ದಾಖಲಿಸಬೇಕು, ವಿಮೆಯವರಿಗೂ ಹೇಳಬೇಕು. ನಂಬರ್ ತಾಳೆಯಾಗದ ಲಾರಿ ಎಷ್ಟು ಚೆನ್ನಾಗಿ ಓಡಿದರೂ ಎಫ್‌ಸಿಗೆ ಹೋದಾಗ ಅಲ್ಲೇ ನಿಲ್ಲುತ್ತದೆ.